ನಿರ್ಗಮನ: ಮೂರು ಫಲಕಗಳ ಒಂದು ಚಿತ್ರ



ನಿವೃತ್ತಿಯ ನಂತರ ನಾನು ರೂಢಿಸಿಕೊಂಡ ಹವ್ಯಾಸಗಳಲ್ಲಿ ಚಿತ್ರಗಳನ್ನು ನಿಧಾನವಾಗಿ ನೋಡುವುದೂ ಒಂದು. ಜರ್ಮನಿಯ ಚಿತ್ರಕಾರ ಮ್ಯಾಕ್ಸ್ ಬೆಕ್‌ಮನ್ (1884–1950) ರಚಿಸಿದ ‘ನಿರ್ಗಮನ’ ನನ್ನನ್ನು ಬಹುಕಾಲದಿಂದ ಕಾಡುತ್ತಿದೆ. ಆತನೂ ಉಪಾಧ್ಯಾಯನಾಗಿದ್ದನೆಂಬುದು ಅದಕ್ಕೊಂದು ಕಾರಣವಿರಬಹುದು. 1925ರಿಂದ ಫ್ರಾಂಕ್‌ಫರ್ಟ್‌ನ ಕಲಾಶಾಲೆಯಲ್ಲಿ ಬೋಧಿಸುತ್ತಿದ್ದ ಆತನನ್ನು 1933ರಲ್ಲಿ ನಾತ್ಸಿ ಆಡಳಿತ ವಜಾ ಮಾಡಿತು. ಹಾರ ತುರಾಯಿಗಳೊಡನೆ ಶಾಲೆಯಿಂದ ಬೀಳ್ಕೊಂಡ ನನ್ನಂಥವನಿಗೆ ಆ ಕಹಿಯನ್ನು ಊಹಿಸಿಕೊಳ್ಳುವುದೂ ಕಷ್ಟ.

ಯುರೋಪಿನ ಹಳೆಯ ಚರ್ಚುಗಳ ಪೂಜಾವೇದಿಕೆಯ ಮೇಲೆ ಮೂರು ಫಲಕಗಳ ಚಿತ್ರಗಳನ್ನು ಇರಿಸುವ ಸಂಪ್ರದಾಯವಿತ್ತು. ಬೆಕ್‌ಮನ್ ಆ ವಿನ್ಯಾಸವನ್ನು ಎರವಲು ಪಡೆದನು. ಆದರೆ ಸಂತರ ಸ್ಥಾನದಲ್ಲಿ ತನ್ನ ಕಾಲದ ಮನುಷ್ಯರನ್ನು ನಿಲ್ಲಿಸಿದನು. ಎಡ ಫಲಕದಲ್ಲಿ ಕೈ ಕತ್ತರಿಸಲ್ಪಟ್ಟು ಕಂಬಕ್ಕೆ ಬಿಗಿಯಲ್ಪಟ್ಟ ಒಬ್ಬ ಪುರುಷ. ಕೈಕಟ್ಟಿಸಿಕೊಂಡು ಗಾಜಿನ ಗೋಳದ ಮೇಲೆ ಬಾಗಿದ ಒಬ್ಬ ಸ್ತ್ರೀ. ಬಲ ಫಲಕದಲ್ಲಿ ದೀಪ ಹಿಡಿದ ಹೆಂಗಸು. ಆಕೆಯ ಮೈಗೆ ತಲೆಕೆಳಗಾಗಿ ಕಟ್ಟಲ್ಪಟ್ಟ ಗಂಡಸು. ನಡುವೆ ಮಾತ್ರ ನೀಲಿ ಸಮುದ್ರ, ಒಂದು ದೋಣಿ. ಅದರಲ್ಲಿ ನಮಗೆ ಬೆನ್ನು ಮಾಡಿದ ಕಿರೀಟಧಾರಿ ರಾಜ, ಮೀನಿನ ಬಲೆ, ಮಗುವನ್ನು ಹಿಡಿದ ರಾಣಿ.

ಹಿಟ್ಲರನ ಕ್ರೌರ್ಯವೇ ಇಲ್ಲಿ ಚಿತ್ರಿತವಾಗಿದೆಯೆಂದು ಹೇಳುವುದು ಸುಲಭ. ಆದರೆ ಇಸವಿಗಳನ್ನು ಗಮನಿಸಿ. ಚಿತ್ರ ಆರಂಭವಾದದ್ದು 1932ರಲ್ಲಿ. ಹಿಟ್ಲರ್ ಅಧಿಕಾರಕ್ಕೆ ಬಂದದ್ದು 1933ರ ಜನವರಿಯಲ್ಲಿ. ಬರ್ಲಿನ್ನಿನಲ್ಲಿ ಚಿತ್ರ ಮುಗಿದದ್ದು 1935ರಲ್ಲಿ; ಆತ ದೇಶ ಬಿಟ್ಟದ್ದು 1937ರಲ್ಲಿ. ಅಂದರೆ ಕಾಲು ಹೊರಡುವುದಕ್ಕೆ ಮೊದಲೇ ಕುಂಚ ಹೊರಟಿತ್ತು.

ರಾಣಿಯ ಕೈಯಲ್ಲಿರುವ ಮಗುವೇ ಸ್ವಾತಂತ್ರ್ಯವೆಂದು ಬೆಕ್‌ಮನ್ ಸ್ನೇಹಿತೆಯೊಬ್ಬಳಿಗೆ ಹೇಳಿದ್ದುಂಟು. ದೀಪದ ಹೆಂಗಸು ಹೊತ್ತಿರುವ ದೇಹದ ವಿಷಯದಲ್ಲಿ ಆತ ಕೊಟ್ಟ ವಿವರಣೆ ನನಗೆ ಇನ್ನೂ ಮುಖ್ಯವಾಗಿ ತೋರುತ್ತದೆ: ಅದು ನಮ್ಮದೇ ನೆನಪುಗಳ, ತಪ್ಪುಗಳ, ಸೋಲುಗಳ ಹೆಣ. ಶತ್ರು ಕಟ್ಟಿದ ಹಗ್ಗವನ್ನು ಬಿಡಿಸಿಕೊಂಡು ದೋಣಿ ಏರಬಹುದು; ಈ ಹೊರೆಯನ್ನು ದಡದಲ್ಲಿ ಇಳಿಸಿ ಬರಲಾಗದು. ಬೆನ್ನ ಮೇಲೆ ಅದನ್ನು ಹೊತ್ತೇ, ಕತ್ತಲೆಯಲ್ಲಿ ದೀಪ ಹಿಡಿದು ದಾರಿ ಹುಡುಕಬೇಕು. ಮೂರು ಫಲಕಗಳೂ ಒಮ್ಮೆಗೇ ಕಣ್ಣೆದುರು ನಿಲ್ಲುವುದರ ಅರ್ಥ ಇದೇ ಎಂದು ನನಗನಿಸುತ್ತದೆ. ನಡುವಿನ ಸಮುದ್ರ ಎಷ್ಟೇ ವಿಶಾಲವಾಗಿದ್ದರೂ ಇಕ್ಕೆಲದ ಕೋಣೆಗಳು ಅಳಿಸಿಹೋಗುವುದಿಲ್ಲ.

1937ರ ಜುಲೈ 19ರಂದು ಮ್ಯೂನಿಕ್‌ನಲ್ಲಿ ‘ಅಧಃಪತಿತ ಕಲೆ’ ಎಂಬ ಹೀಯಾಳಿಕೆಯ ಪ್ರದರ್ಶನ ತೆರೆಯಿತು. ಆತನ ಕೃತಿಗಳೂ ಅಲ್ಲಿದ್ದವು. ಆ ದಿನಗಳಲ್ಲೇ ಆತ ಪತ್ನಿಯೊಡನೆ ಆಮ್‌ಸ್ಟರ್‌ಡ್ಯಾಮಿಗೆ ಹೊರಟುಹೋದನು. 1940ರಲ್ಲಿ ಜರ್ಮನ್ ಸೇನೆ ಅಲ್ಲಿಗೂ ಬಂದಿತು. ಆ ನಗರದಲ್ಲೇ ಆತ ಇನ್ನೂ ಐದು ತ್ರಿಫಲಕಗಳನ್ನು ರಚಿಸಿದನು. ‘ನಿರ್ಗಮನ’ವು 1942ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವನ್ನು ಸೇರಿದಾಗ ಅದನ್ನು ಬರೆದವನು ಆಕ್ರಮಿತ ನಗರದಲ್ಲಿ ಸಿಲುಕಿದ್ದನು. ಆತ ಅಮೆರಿಕವನ್ನು ತಲುಪಿದ್ದು 1947ರಲ್ಲಿ. ಅಲ್ಲಿ ಮತ್ತೆ ಪಾಠ ಹೇಳಿದನು. ತಾಯ್ನಾಡಿಗೆ ಮರಳದೆಯೇ 1950ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡನು.

ನಿಮ್ಮಲ್ಲಿ ಕೆಲವರು ಆ ಕಡೆಯೇ ನೆಲೆಸಿದ್ದೀರಿ. ಎಂದಾದರೂ ಈ ಚಿತ್ರ ಕಣ್ಣಿಗೆ ಬಿದ್ದರೆ, ದೋಣಿಯನ್ನು ನೋಡಿದ ಮೇಲೆ ಬಲಬದಿಯ ಆ ದೀಪವನ್ನೂ ಒಂದು ಕ್ಷಣ ನೋಡಿರಿ.