ಕಾರಿನ ಹಳದಿ ಲೈಟು ಮತ್ತು ನಾನು ಅಳಿಸಿದ ಪೋಸ್ಟು

ಹೋದ ವಾರ ಇದೇ ಪೇಜಲ್ಲಿ ಒಂದು ಪೆಟ್ರೋಲ್ ಬಂಕಿನ ಬಗ್ಗೆ ಸಿಟ್ಟಲ್ಲಿ ಬರೆದಿದ್ದೆ. ಹೆಸರು ಹಾಕಿರ್ಲಿಲ್ಲ, ಆದ್ರೆ ನಮ್ಮ ಕಡೆಯವರಿಗೆ ಯಾವ ಬಂಕು ಅಂತ ಗೊತ್ತಾಗೋ ಹಾಗೇ ಬರೆದಿದ್ದೆ. ಸುಮಾರು ಜನ ಶೇರ್ ಮಾಡಿದ್ರಿ. ನಿನ್ನೆ ಅದನ್ನ ಅಳಿಸಿದೀನಿ. ಅಳಿಸಿ ಸುಮ್ಮನೆ ಕೂತ್ರೆ ಸರಿಯಾಗಲ್ಲ, ಅದಕ್ಕೆ ನಡೆದದ್ದನ್ನ ಪೂರ್ತಿ ಬರೀತಿದೀನಿ. ಸ್ವಲ್ಪ ಉದ್ದ ಆಗ್ತದೆ, ಓದಿ.

ಮಂಗಳವಾರ ಕಾರಿಗೆ ಸಾವಿರ ರೂಪಾಯಿ ಪೆಟ್ರೋಲ್ ಹಾಕಿಸಿದ್ದೆ. ಗುರುವಾರ ಬೆಳಿಗ್ಗೆ ಅಮ್ಮನ್ನ ತೀರ್ಥಹಳ್ಳಿಗೆ ಡಾಕ್ಟರ ಹತ್ರ ಕರ್ಕೊಂಡು ಹೊರಟೆ. ಹೊಸನಗರ ದಾಟಿ ರಿಪ್ಪನ್‌ಪೇಟೆ ತಲುಪೋ ಮೊದ್ಲೇ ಗಾಡಿ ಜಗ್ಗೋಕೆ ಶುರು. ಏರಲ್ಲಿ ಆಕ್ಸಲರೇಟರ್ ಒತ್ತಿದ್ರೆ ಎಳೆಯೋದೇ ಇಲ್ಲ. ಡ್ಯಾಶ್‌ಬೋರ್ಡಲ್ಲಿ ಇಂಜಿನ್ ಚಿತ್ರದ ಹಳದಿ ಲೈಟು ಮಿಣಮಿಣ ಅಂತಿದೆ. ಹೊರಗೆ ಜಡಿಮಳೆ, ಹಿಂದಿನ ಸೀಟಲ್ಲಿ ಎಪ್ಪತ್ತೆಂಟು ವರ್ಷದ ಅಮ್ಮ. ಹೇಗೋ ರಿಪ್ಪನ್‌ಪೇಟೆ ಮುಟ್ಟಿದೆ. ಅಲ್ಲೊಬ್ರು ಪ್ಲಗ್ಗು ಹೋಗಿದೆ ಅಂದ್ರು, ನಾಲ್ಕೂ ಬದಲಾಯಿಸಿದ್ರು, 1600 ರೂಪಾಯಿ. ಎರಡು ಕಿಲೋಮೀಟರ್ ಹೋಗೋದ್ರಲ್ಲಿ ಮತ್ತೆ ಅದೇ ಕಥೆ. ಅವತ್ತು ಡಾಕ್ಟರ್ ಸಿಗ್ಲಿಲ್ಲ. ಅಮ್ಮನ್ನ ಬಸ್ಸಲ್ಲಿ ವಾಪಸ್ ಕರ್ಕೊಂಡು ಬಂದೆ. ರಾತ್ರಿ ಆ ಪೋಸ್ಟ್ ಬರೆದೆ. ಮಂಗಳವಾರದ ಪೆಟ್ರೋಲೇ ಕಾರಣ ಅಂತ ನನಗೆ ಅನುಮಾನವೇ ಇರ್ಲಿಲ್ಲ.

ಮರುದಿನ ಕಾರನ್ನ ಆನಂದಪುರದ ಮೇಲೆ ಸಾಗರಕ್ಕೆ ಎಳೆಸ್ಕೊಂಡು ಹೋದೆ. ಅಲ್ಲಿನ ಮೆಕ್ಯಾನಿಕ್ ಸ್ಟೀರಿಂಗಿನ ಕೆಳಗೆ ಸ್ಕ್ಯಾನರ್ ಸಿಕ್ಕಿಸಿ ಎರಡು ಕೋಡ್ ತೋರಿಸಿದ್ರು. ಪಿ 0300, ಅಂದ್ರೆ ಒಂದೇ ಸಿಲಿಂಡರ್ ಅಂತಿಲ್ಲದೆ ಅಲ್ಲಲ್ಲಿ ಉರಿ ತಪ್ತಿದೆ. ಪಿ 0171, ಅಂದ್ರೆ ಇಂಜಿನ್ನಿಗೆ ಗಾಳಿ ಜಾಸ್ತಿ, ಇಂಧನ ಸಾಲ್ತಿಲ್ಲ. ಅವರು ಹೇಳಿದ ಮಾತು ಇದು: "ಕೋಡು ಏನಾಗ್ತಿದೆ ಅಂತ ಹೇಳ್ತದೆ, ಯಾಕೆ ಅಂತ ಹೇಳಲ್ಲ. ಒಂದೇ ಸಿಲಿಂಡರ್ ಆದ್ರೆ ಪ್ಲಗ್ಗೋ ಕಾಯಿಲೋ ನೋಡ್ಬೇಕು. ಎಲ್ಲದೂ ಒಟ್ಟಿಗೆ ಕೈಕೊಟ್ರೆ ಎಲ್ಲಕ್ಕೂ ಒಟ್ಟಿಗೆ ಹೋಗೋದು ಏನು ಅಂತ ಯೋಚಿಸ್ಬೇಕು."

ನಮಗೆ ಇದು ಹೊಸ ವಿಷಯ ಅಲ್ಲ. ಅಡಿಕೆ ಸೋಗೆ ಹಳದಿ ಆದ್ರೆ ಬುಡದಲ್ಲಿ ನೀರು ನಿಂತಿರಬಹುದು, ಬೇರುಹುಳ ಇರಬಹುದು, ಹಳದಿ ಎಲೆ ರೋಗವೇ ಇರಬಹುದು. ಎಲೆ ನೋಡಿದ ಕೂಡ್ಲೇ ಔಷಧಿ ಸುರಿಯಲ್ಲ, ಬುಡ ಬಿಡಿಸಿ ನೋಡ್ತೀವಿ. ಕಾರಿನ ವಿಷಯದಲ್ಲಿ ಮಾತ್ರ ನಾನು ಎಲೆ ನೋಡಿ 1600 ಸುರಿದಿದ್ದೆ.

ಟ್ಯಾಂಕಿನ ಪೆಟ್ರೋಲ್ ಇಳಿಸಿ ಗಾಜಿನ ಬಾಟಲಿಗೆ ಹಾಕಿದ್ರು. ಹತ್ತು ನಿಮಿಷಕ್ಕೆ ಎರಡು ಪದರ. ಮೇಲೆ ತಿಳಿ ಪೆಟ್ರೋಲ್, ತಳದಲ್ಲಿ ಮಬ್ಬು ನೀರಿನ ಹಾಗೆ. ಈಗಿನ ಪೆಟ್ರೋಲಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರ್ತದೆ, 2023ರ ಫೆಬ್ರವರಿಯಲ್ಲಿ ಬೆಂಗಳೂರಲ್ಲೇ ಇದಕ್ಕೆ ಚಾಲನೆ ಕೊಟ್ಟಿದ್ದು. ಎಥನಾಲ್ ನೀರನ್ನ ಎಳ್ಕೊಳ್ತದೆ. ಸ್ವಲ್ಪ ನೀರಿದ್ರೆ ಪೆಟ್ರೋಲಲ್ಲೇ ಬೆರೆತು ಇರ್ತದೆ, ಏನೂ ತೊಂದ್ರೆ ಕಾಣಲ್ಲ. ಮಿತಿ ಮೀರಿದ್ರೆ ನೀರು ಎಥನಾಲನ್ನೂ ಸೇರಿಸ್ಕೊಂಡು ತಳಕ್ಕೆ ಕೂರ್ತದೆ. ಟ್ಯಾಂಕಿನ ಪಂಪು ಎಳೆಯೋದು ತಳದಿಂದಲೇ. ಅದು ಇಂಜಿನ್ನಿಗೆ ಹೋದ್ರೆ ಉರಿಯೋದು ಹೇಗೆ?

ಬಾಟಲಿ ಹಿಡ್ಕೊಂಡು ನೇರ ಬಂಕಿಗೆ ಹೋದೆ, ಜೊತೆಗೆ ಇಬ್ರು. ಮ್ಯಾನೇಜರ್ ಜಗಳ ಆಡ್ಲಿಲ್ಲ. ಫಿಲ್ಟರ್ ಪೇಪರ್ ಮೇಲೆ ಒಂದು ಹನಿ ಹಾಕಿದ್ರು, ಎರಡು ನಿಮಿಷದಲ್ಲಿ ಕಲೆ ಇಲ್ದೆ ಆರಿತು. ಸಾಂದ್ರತೆ ಅಳೆದು 15 ಡಿಗ್ರಿಗೆ ಹೊಂದಿಸಿ ರಿಜಿಸ್ಟರ್ ತೋರಿಸಿದ್ರು, ವ್ಯತ್ಯಾಸ ಮೂರು ಅಂಕಿಯ ಒಳಗೇ ಇತ್ತು. ಆಮೇಲೆ ಅಳತೆ ಕೋಲಿಗೆ ನೀರು ಪತ್ತೆ ಮಾಡೋ ಪೇಸ್ಟ್ ಹಚ್ಚಿ ನೆಲದ ಟ್ಯಾಂಕಿಗೆ ಇಳಿಸಿದ್ರು. ಬಣ್ಣ ಬದಲಾಗ್ಲಿಲ್ಲ. "ಮಂಗಳವಾರದಿಂದ ಎಷ್ಟೋ ಗಾಡಿ ಹೋಗಿದೆ, ಬೇರೆ ಯಾರೂ ಬಂದಿಲ್ಲ" ಅಂದ್ರು. ನಾನು ಒಪ್ಪದೇ ಮನೆಗೆ ಬಂದೆ.

ಮನೇಲಿ ಎಲ್ಲ ಕೇಳಿದ ಹೆಂಡತಿ ಒಂದೇ ಮಾತು ಅಂದ್ಳು: "ಬುಧವಾರ ಸಂಜೆ ಕೊಟ್ಟಿಗೆಯ ಕ್ಯಾನಿಂದ ಹಾಕಿದ್ರಲ್ಲ, ಅದು?"

ಬೋರ್ಡೋ ಹೊಡೆಯೋ ಮೋಟಾರಿಗೆ ಅಂತ ತಂದಿಟ್ಟಿದ್ದ ಐದು ಲೀಟರ್ ಕ್ಯಾನು. ಸುಮ್ನೆ ಹಾಳಾಗೋದು ಬೇಡ ಅಂತ ಕಾರಿಗೆ ಸುರಿದಿದ್ದೆ. ದುಡ್ಡು ಕೊಟ್ಟು ಹಾಕಿಸಿದ್ದು ನೆನಪಿತ್ತು, ಮನೆಯದ್ದು ಹಾಕಿದ್ದು ಲೆಕ್ಕಕ್ಕೇ ಬಂದಿರ್ಲಿಲ್ಲ. ಬ್ಯಾಟರಿ ಹಿಡ್ಕೊಂಡು ಕೊಟ್ಟಿಗೆಗೆ ಹೋದೆ. ಕ್ಯಾನಿನ ಮುಚ್ಚಳ ಸೀಳಿತ್ತು. ಸರಿಯಾಗಿ ಅದರ ಮೇಲೆ ಒಡೆದ ಹೆಂಚಿಂದ ಹನಿ ಬೀಳ್ತಿತ್ತು. ತಳದಲ್ಲಿ ಉಳಿದಿದ್ದನ್ನ ಲೋಟಕ್ಕೆ ಬಗ್ಗಿಸಿದೆ. ಅದೇ ಎರಡು ಪದರ.

ಇಷ್ಟಕ್ಕೇ ಮುಗಿದಿದ್ರೆ ನನ್ನ ಪೆದ್ದುತನ ಅಂತ ನಕ್ಕು ಬಿಡಬಹುದಿತ್ತು. ಮಂಗಳವಾರ ನನಗೆ ಪೆಟ್ರೋಲ್ ಹಾಕಿದ ಹುಡುಗ ನಮ್ಮ ತೋಟಕ್ಕೆ ಕೊನೆ ಕೊಯ್ಯೋಕೆ ಬರೋರ ಮಗ. ನನ್ನ ಪೋಸ್ಟ್ ಓಡಾಡಿದ ಮೇಲೆ ಅವನಿಗೆ ಎರಡು ದಿನ ಕೆಲಸಕ್ಕೆ ಬರ್ಬೇಡ ಅಂದಿದ್ರಂತೆ. ಅವನಪ್ಪ ನಂಗೆ ಒಂದು ಮಾತೂ ಹೇಳಿರ್ಲಿಲ್ಲ. ಶನಿವಾರ ಎಂದಿನ ಹಾಗೆ ಬಂದು ಮರ ಹತ್ತಿ ಇಳಿದು ಹೋಗಿದ್ರು. ನಿನ್ನೆ ಬಂಕಿಗೆ ಹೋಗಿ ಎಲ್ಲರ ಎದುರಿಗೇ ತಪ್ಪು ನನ್ನದು ಅಂದೆ. ಹುಡುಗನ ಎರಡು ದಿನದ ಸಂಬಳ ಕೊಡೋಕೆ ಹೋದೆ, ಅವನು ತಗೊಳ್ಳಲಿಲ್ಲ. ಮೊದಲು ಶೇರ್ ಮಾಡಿದವರು ದಯವಿಟ್ಟು ಇದನ್ನೂ ಶೇರ್ ಮಾಡಿ.

ಟ್ಯಾಂಕ್ ತೊಳೆದು, ಫಿಲ್ಟರ್ ಹಾಕಿ, ಹೊಸ ಪೆಟ್ರೋಲ್ ಹಾಕಿದ ಮೇಲೆ ಗಾಡಿ ಸರಿ ಇದೆ. ಖರ್ಚು 4800. ಕಲಿತದ್ದು ಇಷ್ಟು:

ಹಳದಿ ಲೈಟು ಸ್ಥಿರವಾಗಿ ಉರೀತಿದ್ದು ಗಾಡಿ ಸರಿಯಾಗಿ ಓಡ್ತಿದ್ರೆ ನಿಧಾನಕ್ಕೆ ಮೆಕ್ಯಾನಿಕ್ ಹತ್ರ ಹೋಗಬಹುದು. ಮಿಣುಕ್ತಿದ್ರೆ ಓಡಿಸ್ಬೇಡಿ, ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಯ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನೂ ಸುಡ್ತದೆ, ಅದರ ಬೆಲೆ ಬಹಳ. ಆಯಿಲ್ಲಿನ ಕೆಂಪು ಲೈಟಿಗೆ ತಕ್ಷಣ ಇಂಜಿನ್ ಬಂದ್. ಡೀಸೆಲ್ ಪಿಕಪ್ ಇರೋರು, ಫಿಲ್ಟರಲ್ಲಿ ನೀರು ಸೇರಿದ್ದಕ್ಕೆ ಬೇರೆ ಲೈಟೇ ಇರ್ತದೆ. ಅದು ಬಂದ್ರೆ ಫಿಲ್ಟರಿನ ಕೆಳಗಿನ ಸ್ಕ್ರೂ ಬಿಚ್ಚಿಸಿ ನೀರು ಇಳಿಸಿ.

ಯಾವುದೇ ಪಾರ್ಟ್ ಬದಲಾಯಿಸೋ ಮೊದ್ಲು ಟ್ಯಾಂಕಿಂದ ಒಂದು ಗಾಜಿನ ಬಾಟಲಿ ಇಳಿಸಿ ಇಡಿ. ಬಂಕಿನ ಬಿಲ್ಲು ಇಟ್ಕೊಳ್ಳಿ. ಫಿಲ್ಟರ್ ಪೇಪರ್ ಪರೀಕ್ಷೆ, ಸಾಂದ್ರತೆ, ಐದು ಲೀಟರ್ ಅಳತೆ ಕೇಳೋದು ನಮ್ಮ ಹಕ್ಕು, ದುಡ್ಡು ಕೊಡಬೇಕಾಗಿಲ್ಲ. ಆದ್ರೆ ಫಿಲ್ಟರ್ ಪೇಪರಲ್ಲಿ ಸೀಮೆಎಣ್ಣೆಯಂಥ ಕಲಬೆರಕೆ ಗೊತ್ತಾಗ್ತದೆ, ನೀರು ಗೊತ್ತಾಗಲ್ಲ. ನೀರಿಗೆ ಪೇಸ್ಟೇ ಬೇಕು.

ನಮ್ಮ ಮಳೆಗಾಲದಲ್ಲಿ ಪೆಟ್ರೋಲ್ ತಿಂಗಳುಗಟ್ಟಲೆ ಇಡೋದು ಬಿಡಿ. ಬೇಕಾದಷ್ಟೇ ತಂದು, ಬಿಗಿ ಮುಚ್ಚಳದ ಕ್ಯಾನಲ್ಲಿ, ಹನಿ ಬೀಳದ ಜಾಗದಲ್ಲಿಟ್ಟು ಬೇಗ ಖರ್ಚು ಮಾಡಿ.

ಅಮ್ಮನಿಗೆ ಡಾಕ್ಟರು ಮುಂದಿನ ಗುರುವಾರ ಬರೋಕೆ ಹೇಳಿದಾರೆ. ಕೊಟ್ಟಿಗೆಯ ಹೆಂಚು ಇವತ್ತು ಬೆಳಿಗ್ಗೆ ಸರಿ ಮಾಡಿದೆ.