ತಂತಿಯ ಮೇಲೆ ಕೂತ ಗುಬ್ಬಿಗೆ ಶಾಕ್ ಏಕಿಲ್ಲ?

ಗುಬ್ಬಿಯಿಂದ ಉತ್ತರಕ್ಕೆ ಹೊರಟ ಬಸ್ಸು ಪೇಟೆ ದಾಟಿದ್ದೇ ತಡ, ತೆಂಗು ಅಡಿಕೆಯ ತೋಟಗಳು ಕಿಟಕಿಗೆ ಬಂದು ನಿಲ್ಲುತ್ತವೆ. ನಡುನಡುವೆ ರಾಗಿಯ ಹೊಲ, ಹೊಲದ ಬದುವಿನಲ್ಲಿ ಹಲಸಿನ ಮರ, ಹುಣಸೆ ಮರ. ಇವೆಲ್ಲದರ ಮೇಲೆ, ಕಂಬದಿಂದ ಕಂಬಕ್ಕೆ ಜೋಲುತ್ತಾ ಬಸ್ಸಿನ ಜೊತೆಗೇ ಓಡಿಬರುವ ಕರೆಂಟಿನ ತಂತಿ. ತೋಟಕ್ಕೊಂದು ಕೊಳವೆ ಬಾವಿ, ಬಾವಿಗೊಂದು ಪಂಪ್‌ಸೆಟ್ಟು, ಅದಕ್ಕೊಂದು ತಗಡಿನ ಸ್ಟಾರ್ಟರ್ ಪೆಟ್ಟಿಗೆ. ಚೇಳೂರು ಬರುವವರೆಗೂ ಇದೇ ನೋಟ.

ಹೆಸರಿನಲ್ಲಿ ಚೇಳಿದ್ದರೂ ಈ ಹೋಬಳಿ ಊರಿಗೆ ಹೆಸರು ತಂದಿರುವುದು ಹಲಸು. ಹಲಸಿನ ಕಾಲದಲ್ಲಿ ಇಲ್ಲಿಯ ಮಾರುಕಟ್ಟೆಗೆ ಹಣ್ಣಿನ ರಾಶಿ ಬಂದು ಬೀಳುತ್ತದೆ, ಲಾರಿಗಳು ಹೊರ ರಾಜ್ಯಗಳಿಗೆ ಹೊರಡುತ್ತವೆ. ಇಲ್ಲಿನದೇ ಒಂದು ಮರದ ಕೆಂಪು ತೊಳೆಯ ಪುಟ್ಟ ಹಣ್ಣನ್ನು ಹಿರೇಹಳ್ಳಿಯ ತೋಟಗಾರಿಕೆ ಪ್ರಯೋಗ ಕೇಂದ್ರದವರು ಗುರುತಿಸಿದರು. ಆ ತಳಿ ‘ಸಿದ್ದು’ ಎಂಬ ಹೆಸರಿನಲ್ಲಿ 2017ರ ನಂತರ ನಾಡಿನೆಲ್ಲೆಡೆ ಹೆಸರಾಯಿತು. ಹಲಸಿನ ಮಾತು ಅಲ್ಲಿಗೆ ಇರಲಿ. ಆ ಮರಗಳ ಪಕ್ಕದಲ್ಲೇ ಹಾದುಹೋಗುವ ತಂತಿಯನ್ನು ನೋಡುತ್ತಾ ಬೆಳೆಯುವ ಮಕ್ಕಳದು ಬೇರೆಯೇ ಒಂದು ಮಾತಿದೆ.

ಆರೇಳು ವರ್ಷದ ಯಾವ ಮಗುವೂ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಅದು: ತಂತಿಯ ಮೇಲೆ ಕೂತ ಗುಬ್ಬಿಗೆ ಶಾಕ್ ಏಕೆ ಹೊಡೆಯುವುದಿಲ್ಲ? ತಾಲ್ಲೂಕಿನ ಹೆಸರೇ ಗುಬ್ಬಿ ಆಗಿರುವಾಗ ಇಲ್ಲಿಯ ಮಕ್ಕಳಿಗೆ ಈ ಪ್ರಶ್ನೆ ಕೇಳುವ ಹಕ್ಕು ಇತರರಿಗಿಂತ ಒಂದು ತೂಕ ಹೆಚ್ಚೇ! ಆದರೆ ಮನೆಯಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: “ಅದೆಲ್ಲ ನಿನಗೇಕೆ? ಕರೆಂಟಿನ ಹತ್ತಿರ ಮಾತ್ರ ಹೋಗಬೇಡ.”

ಆ ಗದರಿಕೆಯ ಹಿಂದಿರುವುದು ನಿಜವಾದ ಭಯ. ಮನೆಯ ಪ್ಲಗ್ಗಿನಲ್ಲಿರುವುದು 230 ವೋಲ್ಟು. ಪಂಪ್‌ಸೆಟ್ಟಿನ ತ್ರೀಫೇಸ್ ತಂತಿಗಳ ನಡುವೆ 400ಕ್ಕೂ ಹೆಚ್ಚು. ಪ್ಲಗ್ಗಿನ ಪಿನ್ನು ಮುರಿದಾಗ ವೈರಿನ ಬರಿ ತುದಿಗಳನ್ನು ತೂತಿಗೆ ತೂರಿಸಿ, ಅಲುಗದಂತೆ ಎರಡು ಬೆಂಕಿಕಡ್ಡಿ ಚುಚ್ಚುವ ಚಾಳಿ ಹಳ್ಳಿ ಪೇಟೆ ಎಂಬ ಭೇದವಿಲ್ಲದೆ ಎಲ್ಲ ಕಡೆ ಉಂಟು. ಮಗು ಅದನ್ನೂ ನೋಡುತ್ತದೆ. ‘ಮುಟ್ಟಬೇಡ’ ಎಂದ ಅಪ್ಪನೇ ಒದ್ದೆ ಕಾಲಿನಲ್ಲಿ ನಿಂತು ಸ್ಟಾರ್ಟರ್ ಒತ್ತುವುದನ್ನೂ ನೋಡುತ್ತದೆ. ಹೀಗಿರುವಾಗ ಬರಿಯ ‘ಮುಟ್ಟಬೇಡ’ ಎಷ್ಟು ದಿನ ಕಾಯುತ್ತದೆ? ಮುಟ್ಟಿದರೂ ಅಪಾಯವಿಲ್ಲದ ಕರೆಂಟು ಒಂದು ಮಗುವಿನ ಕೈಗೆ ಮೊದಲು ಸಿಕ್ಕಬೇಕು. ಅದು ಇರುವುದು ಗೋಡೆಯಲ್ಲಲ್ಲ, ಒಂದೂವರೆ ವೋಲ್ಟಿನ ಸೆಲ್ಲಿನಲ್ಲಿ.

ಸಂತೆಯ ದಿನ ಯಾವ ಊರಿನಲ್ಲಾದರೂ ಟಾರ್ಚು, ಗಡಿಯಾರ, ರಿಮೋಟು ಹರಡಿಕೊಂಡು ಕೂರುವ ಅಂಗಡಿಗಳಿರುತ್ತವೆ. ಚಿಕ್ಕ ಮಕ್ಕಳಿಗೆ ವಿದ್ಯುತ್ತಿನ ಮಂಡಲ ಕಲಿಸುವ ಆಟಿಕೆಗಳೆಂದು ಪಟ್ಟಣಗಳಲ್ಲಿ ದೊಡ್ಡ ಪೆಟ್ಟಿಗೆಗಳು ಮಾರಾಟವಾಗುತ್ತವೆ. ಅಮೆರಿಕದ ‘ಸ್ನ್ಯಾಪ್ ಸರ್ಕಿಟ್ಸ್’ನಂಥವು ಗುಂಡಿಯಂತೆ ಒಂದಕ್ಕೊಂದು ಒತ್ತಿ ಕೂರಿಸುವ ಬಣ್ಣದ ತುಂಡುಗಳು. ಚೆನ್ನಾಗಿಯೇ ಇವೆ. ಆದರೆ ಆ ಪೆಟ್ಟಿಗೆಯ ಒಳಗಿನ ತಿರುಳು ಸಂತೆಯ ಅಂಗಡಿಯಲ್ಲೂ ಸಿಗುತ್ತದೆ: ಎರಡು ಪೆನ್ ಸೆಲ್ಲು, ಒಂದು ಬಿಳಿಯ ಎಲ್‌ಇಡಿ, ಒಂದು ಗಜ ವೈರು. ಒಂದು ಹೊತ್ತಿನ ಹೋಟೆಲ್ ತಿಂಡಿಯ ಖರ್ಚು. ಹಳೆಯ ಟಾರ್ಚಿನ ತಂತಿ ಬಲ್ಬು ಈಗ ಅಪರೂಪ. ಅಟ್ಟದ ಮೇಲಿನ ಹಳೆಯ ಟಾರ್ಚಿನಲ್ಲಿ ಒಂದು ಉಳಿದಿದ್ದರೆ ಅದೇ ಭಾಗ್ಯ, ಏಕೆಂದರೆ ಮೊದಲ ಪಾಠಕ್ಕೆ ಅದರಷ್ಟು ಒಳ್ಳೆಯ ವಸ್ತು ಇನ್ನೊಂದಿಲ್ಲ.

ಆ ಬಲ್ಬು, ಒಂದು ಸೆಲ್ಲು, ಒಂದೇ ಒಂದು ತುಂಡು ವೈರು. ಇಷ್ಟನ್ನು ಕೊಟ್ಟು ‘ಹೊತ್ತಿಸು’ ಎಂದರೆ ಮಗು ಮೊದಲು ಏನು ಮಾಡುತ್ತದೆ? ಸೆಲ್ಲಿನ ತುದಿಗೆ ವೈರಿನ ಒಂದು ತುದಿ, ಬಲ್ಬಿನ ಬುಡಕ್ಕೆ ಇನ್ನೊಂದು. ಬಲ್ಬು ಹೊತ್ತುವುದಿಲ್ಲ. ನ್ಯೂಜಿಲೆಂಡಿನ ರೋಜರ್ ಓಸ್ಬೋರ್ನ್ ಎಂಬ ಸಂಶೋಧಕರು 1980ರ ದಶಕದ ಆರಂಭದಲ್ಲಿ ಮಕ್ಕಳು ಕರೆಂಟನ್ನು ಹೇಗೆ ಕಲ್ಪಿಸಿಕೊಳ್ಳುತ್ತಾರೆ ಎಂದು ಹುಡುಕಿದಾಗ ಈ ‘ಒಂದೇ ತಂತಿ’ಯ ನಂಬಿಕೆ ಮತ್ತೆ ಮತ್ತೆ ಕಂಡುಬಂತು. ಮಕ್ಕಳಷ್ಟೇ ಏಕೆ, 1997ರಲ್ಲಿ ಹಾರ್ವರ್ಡ್-ಸ್ಮಿತ್ಸೋನಿಯನ್ ಖಗೋಳ ಕೇಂದ್ರದವರು ತೆಗೆದ ಒಂದು ಸಾಕ್ಷ್ಯಚಿತ್ರದಲ್ಲಿ ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯಗಳ ಪದವೀಧರರು ಗೌನು ತೊಟ್ಟುಕೊಂಡೇ, ಕೈಯಲ್ಲಿ ಸೆಲ್ಲು, ಬಲ್ಬು, ವೈರು ಹಿಡಿದು ತಡಕಾಡುವ ದೃಶ್ಯವಿದೆ. ಪದವಿ ಕೈಗೆ ಬಂದಿತ್ತು, ಬೆಳಕು ಬರಲಿಲ್ಲ!

ಹೀಗೇಕಾಗುತ್ತದೆ ಎಂಬುದನ್ನು ಚೇಳೂರಿನ ತೋಟದಲ್ಲಿ ನಿಂತು ನೋಡಿದರೆ ಬೇಗ ಅರ್ಥವಾಗುತ್ತದೆ. ಪಂಪಿನಿಂದ ಪೈಪಿಗೆ, ಪೈಪಿನಿಂದ ತೆಂಗಿನ ಬುಡಕ್ಕೆ ನೀರು ಹೋಗುತ್ತದೆ. ಹೋದ ನೀರು ಬಾವಿಗೆ ವಾಪಸು ಬರುವುದನ್ನು ಯಾರೂ ಕಂಡಿಲ್ಲ. ಮಗು ಕರೆಂಟನ್ನೂ ಹಾಗೆಯೇ ತಿಳಿಯುತ್ತದೆ. ಮನೆಯ ಬಲ್ಬಿಗೆ ಜೋತುಬಿದ್ದಿರುವುದೂ ಕಣ್ಣಿಗೆ ಒಂದೇ ವೈರು. ಆ ಕವಚದ ಒಳಗೆ ಎರಡಿವೆ ಎಂದು ಬಿಡಿಸಿ ತೋರಿಸಿದವರಾರು?

ಮಗು ತಿರುಗಿಸುತ್ತದೆ, ಮಗುಚುತ್ತದೆ, ಬೇಸರಪಡುತ್ತದೆ. ಇಲ್ಲಿ ದೊಡ್ಡವರ ಕೈ ತುರಿಸುತ್ತದೆ. ತಡೆದುಕೊಳ್ಳಬೇಕು. ಯಾವಾಗಲೋ ಬಲ್ಬಿನ ತಳದ ಚುಕ್ಕೆ ಸೆಲ್ಲಿನ ತಲೆಗೆ ತಗುಲಿ, ಸೆಲ್ಲಿನ ತಳದಿಂದ ಬಂದ ವೈರು ಬಲ್ಬಿನ ಪಕ್ಕದ ಲೋಹಕ್ಕೆ ಮುಟ್ಟುತ್ತದೆ. ಬೆಳಕು! ಬಲ್ಬಿಗೆ ಒಂದಲ್ಲ, ಎರಡು ಬಾಗಿಲು. ಒಂದರಲ್ಲಿ ಒಳಗೆ, ಇನ್ನೊಂದರಲ್ಲಿ ಹೊರಗೆ, ಮರಳಿ ಸೆಲ್ಲಿಗೆ. ಸುತ್ತು ಪೂರ್ತಿಯಾದರೆ ಮಾತ್ರ ಓಟ. ಎಲ್‌ಇಡಿಯಾದರೆ ಇನ್ನೊಂದು ತಕರಾರು ಇದೆ: ಅದು ಒಂದೇ ದಿಕ್ಕಿನ ಬಾಗಿಲು, ಉದ್ದ ಕಾಲು ಧನದ ಕಡೆಗೇ ಇರಬೇಕು, ತಿರುವುಮುರುವಾದರೆ ಮುನಿಸಿಕೊಳ್ಳುತ್ತದೆ.

ವೈರು ಹಿಡಿಯಲು ಬೆರಳು ಬಗ್ಗದ ಪುಟಾಣಿಗಳಿಗೆ ಇನ್ನೂ ಸೊಗಸಾದ ಆಟವೊಂದಿದೆ. 2010ರ ಸುಮಾರಿಗೆ ಅಮೆರಿಕದ ಮಿನ್ನೆಸೋಟಾದ ಸೇಂಟ್ ಥಾಮಸ್ ವಿಶ್ವವಿದ್ಯಾಲಯದ ಆನ್‌ಮರೀ ಥಾಮಸ್ ಅವರು ವೈರಿನ ಬದಲು ಹಿಟ್ಟಿನ ಮುದ್ದೆಯಲ್ಲಿ ಮಂಡಲ ಕಟ್ಟುವುದನ್ನು ಪ್ರಚಾರಕ್ಕೆ ತಂದರು. ಉಪ್ಪು, ನಿಂಬೆರಸ ಸೇರಿಸಿ ಕಲಸಿದ ಹಿಟ್ಟಿನಲ್ಲಿ ಕರೆಂಟು ಹರಿಯುತ್ತದೆ, ಸಕ್ಕರೆ ಎಣ್ಣೆ ಸೇರಿಸಿದ್ದರಲ್ಲಿ ಹೆಚ್ಚುಕಡಿಮೆ ನಿಂತುಹೋಗುತ್ತದೆ. ಮುದ್ದೆಯ ಸೀಮೆಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಉಪ್ಪು ಹಾಕಿ ಕಲಸಿದ ಎರಡು ಉಂಡೆ, ನಾಲ್ಕು ಪೆನ್ ಸೆಲ್ಲಿನ ಒಂದು ಡಬ್ಬಿ. ಡಬ್ಬಿಯ ಒಂದೊಂದು ವೈರು ಒಂದೊಂದು ಉಂಡೆಗೆ, ಎಲ್‌ಇಡಿಯ ಒಂದೊಂದು ಕಾಲು ಒಂದೊಂದು ಉಂಡೆಗೆ. ದೀಪ ಹೊತ್ತಿತು. ಈಗ ಎರಡು ಉಂಡೆಗಳನ್ನೂ ಒಂದಕ್ಕೊಂದು ಒತ್ತಿದರೆ? ದೀಪ ಆರಿತು. ಕರೆಂಟಿಗೆ ಸುಲಭದ ಅಡ್ಡದಾರಿ ಸಿಕ್ಕಿತು, ದೀಪದ ದಾರಿ ಅದಕ್ಕೆ ಬೇಡವಾಯಿತು. ‘ಶಾರ್ಟ್ ಸರ್ಕಿಟ್’ ಎಂಬ ಪತ್ರಿಕೆಯ ಪದ ಐದು ವರ್ಷದ ಮಗುವಿನ ಬೆರಳಿಗೆ ಅರ್ಥವಾಗುವುದು ಹೀಗೆ. (ಆರು ವೋಲ್ಟಿಗೆ ಎಲ್‌ಇಡಿಯನ್ನು ನೇರವಾಗಿ ಮುಟ್ಟಿಸಿದರೆ ಅದು ಸುಟ್ಟುಹೋಗುತ್ತದೆ. ನಡುವೆ ಹಿಟ್ಟು ಇರುವುದರಿಂದಲೇ ಅದು ಬದುಕಿರುವುದು. ಆಟವಾಡಿದ ಹಿಟ್ಟು ಊಟಕ್ಕಲ್ಲ ಎಂದು ಅಜ್ಜಿಗೂ ಮೊದಲೇ ಹೇಳಿರಬೇಕು.)

ಹಿಟ್ಟು ಮುಗಿದರೆ ಕೆರೆಯಂಗಳದ ಜೇಡಿಮಣ್ಣಿದೆ. ಚಿಟಿಕೆ ಉಪ್ಪು ಬೆರೆಸಿದ ಹಸಿ ಮಣ್ಣಿನಲ್ಲೂ ದೀಪ ಮಿಣುಕುತ್ತದೆ. ಒಣಗಿದಂತೆಲ್ಲ ಮಂಕಾಗುತ್ತದೆ, ನೀರು ಚಿಮುಕಿಸಿದರೆ ಮತ್ತೆ ಮಿಣುಕುತ್ತದೆ. ಆಟ ಇಲ್ಲಿ ಆಟವಾಗಿ ಉಳಿಯುವುದಿಲ್ಲ. ಹಸಿ ಮಣ್ಣಿನಲ್ಲಿ ಕರೆಂಟು ಹರಿಯುವುದನ್ನು ಕಣ್ಣಾರೆ ಕಂಡ ಹುಡುಗಿ ಪಂಪಿನ ಮನೆಯ ಮುಂದಿನ ಕೆಸರನ್ನು ಬೇರೆ ಕಣ್ಣಿನಿಂದ ನೋಡುತ್ತಾಳೆ.

ಗುಬ್ಬಿಯ ಪ್ರಶ್ನೆಗೂ ಉತ್ತರ ಆಕೆಯ ಕೈಯಲ್ಲೇ ಇದೆ. ಗುಬ್ಬಿಯ ಎರಡೂ ಕಾಲು ಒಂದೇ ತಂತಿಯ ಮೇಲಿವೆ. ಬಲ್ಬಿನ ಒಂದೇ ಬಾಗಿಲಿಗೆ ವೈರು ಮುಟ್ಟಿಸಿದಂತೆ, ಸುತ್ತು ಪೂರ್ತಿಯಾಗಿಲ್ಲ. ತೋಟದ ಬಳಿಯ ತಂತಿಗಳಲ್ಲಿ ಕೆಲವೊಮ್ಮೆ ಸತ್ತು ನೇತಾಡುವ ಬಾವಲಿ ಕಾಣಿಸುತ್ತದೆ. ಅದರ ರೆಕ್ಕೆ ಅಗಲ. ಒಂದು ತಂತಿಯಿಂದ ಇನ್ನೊಂದನ್ನು ಮುಟ್ಟಿತು, ಸುತ್ತು ಪೂರ್ತಿಯಾಯಿತು. ಹಾಗಾದರೆ ನೆಲದ ಮೇಲೆ ನಿಂತ ಮನುಷ್ಯ ಒಂದೇ ತಂತಿ ಮುಟ್ಟಿದರೂ ಏಕೆ ಸಾಯುತ್ತಾನೆ? ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ ಒಂದು ತಂತಿಯನ್ನು ನೆಲಕ್ಕೇ ಹೂತಿರುತ್ತಾರೆ. ನೆಲವೇ ಎರಡನೆಯ ವೈರು, ಒದ್ದೆ ಕಾಲು ಅದರ ಜೋಡಣೆ.

ಇಂಥ ಆಟಗಳಿಗೆ ನಮ್ಮ ದೇಶದಲ್ಲಿ ಬಹುದೊಡ್ಡ ಹೆಸರು ಅರವಿಂದ ಗುಪ್ತ ಅವರದು. ಕಾನ್ಪುರ ಐಐಟಿಯಲ್ಲಿ ಓದಿ ಲಾರಿ ಕಾರ್ಖಾನೆಯಲ್ಲಿದ್ದವರು, 1978ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನ ಹಳ್ಳಿ ಶಾಲೆಗಳ ವಿಜ್ಞಾನ ಕಾರ್ಯಕ್ರಮಕ್ಕೆ ಹೋದರು. ಅಲ್ಲಿಯ ಸಂತೆಯಲ್ಲಿ ಸಿಕ್ಕ ಸೈಕಲ್ ವಾಲ್ವ್ ಟ್ಯೂಬು ಮತ್ತು ಬೆಂಕಿಕಡ್ಡಿಗಳನ್ನೇ ಆಟಿಕೆ ಮಾಡಿದರು. (ಬೆಂಕಿಕಡ್ಡಿಗೆ ಪ್ಲಗ್ಗಿನ ತೂತಿಗಿಂತ ಒಳ್ಳೆಯ ಜಾಗವಿದೆ ಎಂದಾಯಿತು.) ಒಂದು ಸೆಲ್ಲು, ಎರಡು ಸೇಫ್ಟಿ ಪಿನ್ನು, ಒಂದು ಅಯಸ್ಕಾಂತ, ಎನಾಮೆಲ್ ತಂತಿಯ ಒಂದು ಸುರುಳಿಯಲ್ಲಿ ತಿರುಗುವ ಅವರ ಮೋಟಾರು ಎಂಟು ಹತ್ತು ವರ್ಷದವರಿಗೆ ಹೇಳಿ ಮಾಡಿಸಿದ್ದು. ಸುರುಳಿಯ ಒಂದು ತುದಿಯ ಬಣ್ಣವನ್ನು ಪೂರ್ತಿ, ಇನ್ನೊಂದರದ್ದನ್ನು ಅರ್ಧ ಮಾತ್ರ ಕೆರೆಯಬೇಕು. ಗುಟ್ಟು ಇರುವುದು ಆ ಅರ್ಧದಲ್ಲಿ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಮೋಟಾರು ಬೇಕೆಂದರೆ ಜಾತ್ರೆಯೂ ಇದೆ. ಗುಬ್ಬಿಯ ಚನ್ನಬಸವೇಶ್ವರನ ಜಾತ್ರೆಯಲ್ಲಿ ಕೊಂಡ ಕಾರು ಮೂರನೆಯ ದಿನಕ್ಕೆ ಕೆಟ್ಟು ಮೂಲೆ ಸೇರುವುದು ವಾಡಿಕೆ. ಅದನ್ನು ಎಸೆಯಬಾರದು. ಎರಡು ಸ್ಕ್ರೂ ಬಿಚ್ಚಿದರೆ ಒಳಗೆ ಪುಟ್ಟ ಮೋಟಾರು, ಸೆಲ್ಲಿನ ಡಬ್ಬಿ, ಸ್ವಿಚ್ಚು, ಕೆಂಪು ಕಪ್ಪು ವೈರು. ಮೋಟಾರಿನ ಕಡ್ಡಿಗೆ ರಟ್ಟಿನ ರೆಕ್ಕೆ ಸಿಕ್ಕಿಸಿದರೆ ಫ್ಯಾನು, ವೈರು ಅದಲುಬದಲು ಮಾಡಿದರೆ ಫ್ಯಾನು ಹಿಂದುಮುಂದು. 2023ರ ಫೆಬ್ರುವರಿಯಲ್ಲಿ ಇದೇ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದ ಮೇಲೆ ಮಗನನ್ನೋ ಮಗಳನ್ನೋ ಅಲ್ಲಿ ಕಾಣುವ ಆಸೆ ಹೊತ್ತ ತಂದೆತಾಯಿ ಕಡಿಮೆಯೇನಿಲ್ಲ. ಅವರು ಟ್ಯೂಷನ್ನಿಗೆ ಮುನ್ನ ಒಂದು ಸ್ಕ್ರೂಡ್ರೈವರ್ ಕೊಡಿಸಿದರೆ ನಷ್ಟವಿಲ್ಲ.

ಹೆತ್ತವರು ಪಕ್ಕದಲ್ಲೇ ಕೂತಿರಬೇಕಾದ ಕಾರಣಗಳೂ ಇವೆ. ಗುಂಡಿಯಾಕಾರದ ಚಿಕ್ಕ ಸೆಲ್ಲುಗಳನ್ನು ಪುಟ್ಟ ಮಕ್ಕಳ ಹತ್ತಿರ ಸುಳಿಯಗೊಡಬಾರದು. ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳವನ್ನು ಸುಡಬಲ್ಲವು. ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು. ಸೆಲ್ಲಿನ ಎರಡು ತುದಿಗಳಿಗೆ ಬರಿಯ ವೈರು ಮುಟ್ಟಿಸಿ ಬಿಟ್ಟರೆ ವೈರು ಕೈ ಸುಡುವಷ್ಟು ಕಾಯುತ್ತದೆ. ಹಳೆಯ ಮೊಬೈಲಿನ ಬ್ಯಾಟರಿ ಈ ಆಟಕ್ಕೆ ಸಲ್ಲದು, ಉಬ್ಬಿ ಬೆಂಕಿ ಹತ್ತೀತು. ಗೋಡೆಯ ಪ್ಲಗ್ಗಿಗೂ ಈ ಆಟಕ್ಕೂ ಯಾವ ಕಾಲಕ್ಕೂ ನಂಟು ಕೂಡದು.

ಸಂಜೆಯ ಹೊತ್ತಿಗೆ ಚೇಳೂರಿನ ತಂತಿಗಳ ಮೇಲೆ ಹಕ್ಕಿಗಳ ಸಾಲು ಕೂರುತ್ತದೆ. ತ್ರೀಫೇಸ್ ಬಂತೆಂದು ಟಾರ್ಚು ಹಿಡಿದು ತೋಟಕ್ಕೆ ಹೊರಟ ಅಪ್ಪನ ಹಿಂದೆ ಮಗುವೂ ಹೊರಡುತ್ತದೆ, ದೂರದಲ್ಲೇ ನಿಲ್ಲುತ್ತದೆ. ಸ್ಟಾರ್ಟರ್ ಟಕ್ಕೆಂದು ಕಚ್ಚಿಕೊಂಡು ಮೋಟಾರು ಗುಂಯ್‌ಗುಡುವಾಗ ಹೊಸ ಪ್ರಶ್ನೆ ಸಿದ್ಧವಾಗಿರುತ್ತದೆ: ಹೋಗುವುದಕ್ಕೆ ಒಂದು, ಬರುವುದಕ್ಕೆ ಒಂದು, ಎರಡು ವೈರು ಸಾಕಲ್ಲ, ನಮ್ಮ ಪಂಪಿಗೆ ಮೂರು ಏಕೆ? ಅಪ್ಪ ತಲೆ ಕೆರೆದುಕೊಂಡು, ನಾಳೆ ಲೈನ್‌ಮನ್ ಬಂದಾಗ ಕೇಳೋಣ ಎನ್ನುತ್ತಾನೆ.