ಎಂ.ಎ. ಪದವಿ: ನಿಯಮದ ಅರ್ಹತೆ, ಓದಿನ ಅರ್ಹತೆ

ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿಯೇ ಸ್ಥಾಪನೆಗೊಂಡಿದ್ದರೂ ಅಲ್ಲಿ ಕನ್ನಡ ಎಂ.ಎ. ವ್ಯಾಸಂಗ ಆರಂಭವಾದದ್ದು 1927ರಲ್ಲಿ. ಟಿ.ಎಸ್. ವೆಂಕಣ್ಣಯ್ಯನವರಂಥವರು ಪಾಠ ಹೇಳಿದ ಆ ಮೊದಲ ತಂಡದಲ್ಲಿ ಕುವೆಂಪು ಮತ್ತು ಡಿ.ಎಲ್. ನರಸಿಂಹಾಚಾರ್ ಸಹಪಾಠಿಗಳಾಗಿದ್ದರು. ಒಬ್ಬರು ಮಹಾಕವಿಯಾದರು, ಮತ್ತೊಬ್ಬರು 'ವಡ್ಡಾರಾಧನೆ'ಯನ್ನು ಸಂಪಾದಿಸಿ, ಕನ್ನಡ ಗ್ರಂಥಸಂಪಾದನೆಗೆ ಶಾಸ್ತ್ರದ ತಳಹದಿ ಹಾಕಿದರು. ಇಬ್ಬರ ದಾರಿಗಳು ಬೇರೆಯಾದರೂ ಹಳಗನ್ನಡವನ್ನು ಸ್ವತಃ ಓದಿ ಅರ್ಥೈಸುವ ಶಕ್ತಿ ಇಬ್ಬರಿಗೂ ಸಮಾನವಾಗಿತ್ತು.

ಇಂದು ಪದವಿಯ ಅರ್ಹತೆಯನ್ನು ಬೇರೆ ಬಗೆಯಲ್ಲಿ ಅಳೆಯಲಾಗುತ್ತದೆ. ಎರಡು ವರ್ಷ, ನಾಲ್ಕು ಸೆಮಿಸ್ಟರ್, ಶೇ. 75ರಷ್ಟು ಹಾಜರಾತಿ, ಆಂತರಿಕ ಮೌಲ್ಯಮಾಪನ, ಕಡ್ಡಾಯ ಹಾಗೂ ಐಚ್ಛಿಕ ಪತ್ರಿಕೆಗಳು, ಕೊನೆಗೊಂದು ಕಿರುಪ್ರಬಂಧ. ವಾರಕ್ಕೊಂದು ಗಂಟೆಯ ಬೋಧನೆಗೆ ಒಂದು ಕ್ರೆಡಿಟ್. ಮುಂದೆ ಎನ್‌ಇಟಿ ಪರೀಕ್ಷೆಗೆ ಕುಳಿತುಕೊಳ್ಳಲು ಸಾಮಾನ್ಯ ವರ್ಗದವರಿಗೆ ಎಂ.ಎ.ಯಲ್ಲಿ ಶೇ. 55 ಅಂಕಗಳು ಬೇಕು. ಈ ನಿಯಮಗಳಲ್ಲಿ ಅನುಚಿತವಾದದ್ದೇನೂ ಇಲ್ಲ. ಬೇರೆ ವಿಷಯದಲ್ಲಿ ಬಿ.ಎ. ಮುಗಿಸಿದವರಿಗೂ ಸಾಹಿತ್ಯದ ಬಾಗಿಲು ತೆರೆದದ್ದು, ಒಂದೇ ಪರೀಕ್ಷೆಯ ಮೇಲೆ ಎರಡು ವರ್ಷದ ಶ್ರಮ ನಿಲ್ಲದಂತಾದದ್ದು ಒಳಿತೇ.

ಕೊರತೆ ಇರುವುದು ಲೆಕ್ಕದಲ್ಲಿ. ನಾಲ್ಕು ಕ್ರೆಡಿಟ್‌ನ ಪತ್ರಿಕೆಗೆ 15 ವಾರಗಳಲ್ಲಿ ದೊರೆಯುವುದು 60 ಗಂಟೆ. ಪಂಪನ 'ವಿಕ್ರಮಾರ್ಜುನ ವಿಜಯ'ದಲ್ಲಿ 14 ಆಶ್ವಾಸಗಳಿವೆ, 'ಆದಿಪುರಾಣ'ದಲ್ಲಿ 16. ಕವಿಯ ಕಾಲ, ಮತ, ವಿಮರ್ಶೆ ಎಲ್ಲವೂ ಅದೇ 60 ಗಂಟೆಗಳಲ್ಲಿ ಮುಗಿಯಬೇಕು. ಆದ್ದರಿಂದ ಒಂದೆರಡು ಆಶ್ವಾಸಗಳು ಪಠ್ಯವಾಗುತ್ತವೆ. ಅವುಗಳಿಗೂ ಮಾರ್ಗದರ್ಶಿ ಪುಸ್ತಕಗಳು ಸಿದ್ಧವಾಗಿರುತ್ತವೆ. ಒಂದು ಚಂಪೂಕಾವ್ಯವನ್ನೂ ಆದ್ಯಂತ ಓದದೆ ಪ್ರಥಮ ದರ್ಜೆಯಲ್ಲಿ ಉತ್ತೀರ್ಣರಾಗಲು ನಿಯಮದ ಅಡ್ಡಿಯಿಲ್ಲ.

ಇದರ ಪರಿಣಾಮ ತಿಳಿಯುವುದು ಪದವಿಯ ಅನಂತರ. ಉತ್ತಮ ಅಂಕ ಪಡೆದ ಒಬ್ಬ ವಿದ್ಯಾರ್ಥಿನಿ ಸಂಶೋಧನೆಗೆ ಸೇರುತ್ತಾಳೆ. ಊರ ಬಸದಿಯ ಮುಂದಿನ ನಿಸಿದಿ ಶಾಸನವನ್ನೇ ವಿಷಯವಾಗಿ ಆರಿಸಿಕೊಳ್ಳುತ್ತಾಳೆ. ಬಾಲ್ಯದಿಂದ ಕಂಡ ಕಲ್ಲು ಅದು. ಶಾಸನದ ಸಾಮಾಜಿಕ ಮಹತ್ತ್ವದ ಬಗ್ಗೆ ಹತ್ತು ಪುಟ ಬರೆಯಬಲ್ಲಳು. ಆದರೆ ಪಾಠದಲ್ಲಿ ಬರುವ ಱ, ೞ ಅಕ್ಷರಗಳ ಮುಂದೆ, ವಿಭಕ್ತಿ ಪ್ರತ್ಯಯಗಳ ಮುಂದೆ ಅವಳ ಲೇಖನಿ ನಿಲ್ಲುತ್ತದೆ. ಇದರಲ್ಲಿ ಅವಳ ತಪ್ಪಿಲ್ಲ. ಕೇಳಿದ್ದನ್ನೆಲ್ಲ ಅವಳು ಪೂರೈಸಿದ್ದಾಳೆ. ಇದನ್ನು ಯಾರೂ ಕೇಳಿರಲಿಲ್ಲ. ನಾಳೆ ಅವಳೇ ಅಧ್ಯಾಪಕಿಯಾದಾಗ ಆ ಮೌನ ಮುಂದಿನ ತರಗತಿಗೂ ದಾಟುತ್ತದೆ.

ಹೀಗೆ ಎರಡು ತಲೆಮಾರು ಕಳೆದರೆ, ಓಲೆಗರಿಯಲ್ಲಿ ಇನ್ನೂ ಉಳಿದಿರುವ ಅಪ್ರಕಟಿತ ಕೃತಿಗಳನ್ನು ಓದಬಲ್ಲವರು ಯಾರು?

ಪರಿಹಾರಕ್ಕೆ ಹೊಸ ಪದವಿಯೇನೂ ಬೇಕಿಲ್ಲ. ಕಿರುಪ್ರಬಂಧದ ವಿಷಯ ಯಾವುದೇ ಇರಲಿ, ಮೌಖಿಕ ಪರೀಕ್ಷೆಯಲ್ಲಿ ಅಪರಿಚಿತ ಹಳಗನ್ನಡ ಪದ್ಯವೊಂದನ್ನು ಅನ್ವಯಿಸಿ ಅರ್ಥ ಹೇಳುವುದನ್ನು ಕಡ್ಡಾಯಗೊಳಿಸಿದರೆ ಸಾಕು. ನಿಘಂಟು ಕೈಯಲ್ಲಿರಲಿ, 'ಶಬ್ದಮಣಿದರ್ಪಣ' ಪಕ್ಕದಲ್ಲಿರಲಿ, ಸಮಯವೂ ಬೇಕಾದಷ್ಟಿರಲಿ. ಆ ಒಂದು ಪದ್ಯದ ಭಯದಿಂದಲಾದರೂ ಎರಡು ವರ್ಷ ಕಾವ್ಯದ ಪುಟಗಳು ತೆರೆದುಕೊಂಡಾವು. ಭಯದಿಂದ ತೆರೆದ ಪುಟವನ್ನು ಪ್ರೀತಿಯಿಂದ ಮುಗಿಸಿದವರು ಕನ್ನಡದಲ್ಲಿ ಕಡಿಮೆಯೇನಿಲ್ಲ.